ಅಜ್ಜಿ ಹುಟ್ಟಿದ್ದು ಯಾವಾಗ? ಹಳೆಯ ದಾಖಲೆಗಳಲ್ಲಿ ಜನ್ಮದಿನ ಹುಡುಕುವ ಕ್ರಮ

ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ ಸೆಪ್ಟೆಂಬರ್ 15 ಎಂಬುದು ಶಾಲಾ ಮಕ್ಕಳಿಗೂ ಗೊತ್ತು. ಇಸವಿ ಯಾವುದು ಎಂದು ಕೇಳಿದರೆ ಕೆಲವು ಪುಸ್ತಕಗಳು 1860 ಎನ್ನುತ್ತವೆ, ಕೆಲವು 1861 ಎನ್ನುತ್ತವೆ. ಅವರ ಶತಮಾನೋತ್ಸವದ ಅಂಚೆಚೀಟಿ ಹೊರಬಂದದ್ದು 1960ರಲ್ಲಿ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ವಿಷಯದಲ್ಲಿ ಇತಿಹಾಸಕಾರರು 1717ರಿಂದ 1722ರವರೆಗೆ ಬೇರೆ ಬೇರೆ ವರ್ಷಗಳನ್ನು ಕೊಡುತ್ತಾರೆ. ರಾಜ್ಯವನ್ನಾಳಿದವರ ಕಥೆಯೇ ಹೀಗಿರುವಾಗ, ಶಿರಾ ಕಡೆಯ ಹಳ್ಳಿಯಲ್ಲೋ ಮುಳಬಾಗಿಲಿನ ಕೇರಿಯಲ್ಲೋ ಹುಟ್ಟಿದ ನಮ್ಮ ಮುತ್ತಜ್ಜಿಯ ಜನ್ಮದಿನ ನಾಲ್ಕು ಕಾಗದಗಳಲ್ಲಿ ನಾಲ್ಕು ಬಗೆಯಾಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮನೆಗಳಲ್ಲಿ ಮತ್ತು ಕಚೇರಿಗಳಲ್ಲಿ ಉಳಿದಿರುವ ದಾಖಲೆಗಳಿಂದ ವರ್ಷವನ್ನು, ಅದೃಷ್ಟವಿದ್ದರೆ ತಿಂಗಳನ್ನು, ಅಪರೂಪಕ್ಕೆ ದಿನವನ್ನೂ ಗುರುತಿಸಬಹುದು.

ಹುಡುಕಲು ಹೊರಡುವವರು ಮೊದಲೇ ಒಂದು ನಿರ್ಧಾರ ಮಾಡಿಕೊಳ್ಳಬೇಕು: ಹುಡುಕುವುದು ತಾರೀಖನ್ನಲ್ಲ, ಗಡಿಗಳನ್ನು. ಇದಕ್ಕಿಂತ ಮುಂಚೆ ಹುಟ್ಟಿರಲು ಸಾಧ್ಯವಿಲ್ಲ ಎನ್ನುವುದು ಒಂದು ಗಡಿ. ಇದಕ್ಕಿಂತ ತಡವಾಗಿ ಹುಟ್ಟಿರಲು ಸಾಧ್ಯವಿಲ್ಲ ಎನ್ನುವುದು ಇನ್ನೊಂದು. ಪ್ರತಿಯೊಂದು ಕಾಗದವೂ ಈ ಎರಡರಲ್ಲಿ ಒಂದನ್ನು ಸ್ವಲ್ಪ ಒಳಕ್ಕೆ ಸರಿಸಬೇಕು. ಯಾವ ಕಾಗದ ಕೈಗೆ ಸಿಕ್ಕರೂ ಮೂರು ಪ್ರಶ್ನೆ ಕೇಳಿ. ಈ ವಯಸ್ಸನ್ನು ಹೇಳಿದವರು ಯಾರು? ಹುಟ್ಟಿದ ಎಷ್ಟು ವರ್ಷದ ಮೇಲೆ ಹೇಳಿದರು? ಏತಕ್ಕಾಗಿ ಹೇಳಿದರು? ಕೆಲಸಕ್ಕೆ ಸೇರುವಾಗ ವಯಸ್ಸು ಇಳಿಯುತ್ತದೆ, ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕುವಾಗ ಏರುತ್ತದೆ. ಯಾರಿಗೂ ಲಾಭ ನಷ್ಟವಿಲ್ಲದ ಜಾಗದಲ್ಲಿ, ಹುಟ್ಟಿಗೆ ಹತ್ತಿರದ ಕಾಲದಲ್ಲಿ ಬರೆದ ಒಂದು ಸಾಲು, ಮೊಹರು ಬಿದ್ದ ಹತ್ತು ಕಾಗದಗಳಿಗಿಂತ ಹೆಚ್ಚು ನಂಬಿಕೆಗೆ ಯೋಗ್ಯ.

ಮನೆಯೊಳಗಿನ ದಾಖಲೆ

ಕಚೇರಿಗೆ ಹೋಗುವ ಮೊದಲು ಮನೆಯ ಟ್ರಂಕು, ಅಟ್ಟ, ದೇವರ ಮನೆಯ ಗೂಡು ನೋಡಿ. ಜಾತಕದ ಸುರುಳಿ, ಲಗ್ನಪತ್ರಿಕೆ, ಹಳೆಯ ಪಂಚಾಂಗದ ಅಂಚಿನಲ್ಲಿ ಗೀಚಿದ ಟಿಪ್ಪಣಿ, ಲೆಕ್ಕದ ಪುಸ್ತಕದ ಕೊನೆಯ ಹಾಳೆ, ಮದುವೆಗೆ ಬಂದ ಹಿತ್ತಾಳೆ ಬಿಂದಿಗೆಯ ಕಂಠದಲ್ಲಿ ಕೊರೆಸಿದ ಹೆಸರು ಮತ್ತು ತಾರೀಖು, ಇವೆಲ್ಲ ದಾಖಲೆಗಳೇ. ಮದುವೆಯ ವರ್ಷ ಗೊತ್ತಾದರೆ ಹುಟ್ಟಿನ ಅಂದಾಜು ಅರ್ಧ ಸಿಕ್ಕಂತೆ. ಸಮಾಧಿ ಕಲ್ಲಿದ್ದರೆ ಅದರ ಮೇಲಿನ ವರ್ಷವನ್ನೂ ಬರೆದುಕೊಳ್ಳಿ. ವರ್ಷಾಬ್ದಿಕದ ತಿಥಿಯನ್ನು ಮನೆಯವರು ಮರೆತಿರುವುದಿಲ್ಲ. ಸತ್ತಾಗ ಎಷ್ಟು ವಯಸ್ಸಾಗಿತ್ತು ಎಂಬ ಮಾತಿನ ಜೊತೆ ಅದನ್ನು ಸೇರಿಸಿದರೆ ಇನ್ನೊಂದು ಅಂದಾಜು ಸಿಗುತ್ತದೆ.

ಹಿರಿಯರನ್ನು ಕೇಳುವುದಕ್ಕೂ ಒಂದು ರೀತಿ ಇದೆ. “ಅಜ್ಜೀ, ನೀವು ಹುಟ್ಟಿದ ವರ್ಷ ಯಾವುದು?” ಎಂದರೆ “ಅದನ್ನೆಲ್ಲ ಯಾರಪ್ಪ ಬರೆದಿಟ್ಟಿದ್ದರು” ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಬದಲಿಗೆ, ನಿಮ್ಮ ಬೆನ್ನ ಹಿಂದೆ ಹುಟ್ಟಿದವರು ಯಾರು, ಅವರಿಗೂ ನಿಮಗೂ ಎಷ್ಟು ಅಂತರ, ನಿಮ್ಮ ಅಕ್ಕನ ಮದುವೆಯಲ್ಲಿ ನೀವು ಎಷ್ಟು ದೊಡ್ಡವರಿದ್ದಿರಿ, ಊರಿನಲ್ಲಿ ನಿಮ್ಮ ಜೊತೆಯವರು ಯಾರು ಎಂದು ಕೇಳಿ. ಜೊತೆಯವರಲ್ಲಿ ಒಬ್ಬರ ಜಾತಕವಿದ್ದರೂ ಸಾಕು, ಇಬ್ಬರಿಗೂ ದಾರಿಯಾಗುತ್ತದೆ. ಸಾಧ್ಯವಾದರೆ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಆಡಿದ ಮಾತು ಆಡಿದಂತೆಯೇ ಉಳಿಯಬೇಕು. “ಹಬ್ಬದ ಹಿಂದಿನ ದಿನ” ಎಂದು ಹೇಳಿದ್ದನ್ನು “ಹಬ್ಬದ ಹೊತ್ತಿಗೆ” ಎಂದು ಬರೆದುಕೊಂಡರೆ ಒಂದು ತಿಥಿಯೇ ಕಳೆದುಹೋಗುತ್ತದೆ.

ವಯಸ್ಸು ಹೇಳುವಾಗ ಅದು ತುಂಬಿದ ವರ್ಷವೋ ನಡೆಯುವ ವರ್ಷವೋ ಎಂದು ಪ್ರತಿ ಸಲವೂ ಕೇಳಿ. ನಮ್ಮ ಹಿರಿಯರು ಹೆಚ್ಚಾಗಿ ನಡೆಯುವ ವರ್ಷವನ್ನೇ ಹೇಳುತ್ತಾರೆ. ಒಂದು ವರ್ಷದ ವ್ಯತ್ಯಾಸಗಳಲ್ಲಿ ಎಷ್ಟೋ ಇಲ್ಲೇ ಹುಟ್ಟುತ್ತವೆ.

ಸಂವತ್ಸರದಿಂದ ಇಸವಿಗೆ

ಇಸವಿ ಗೊತ್ತಿಲ್ಲದವರಿಗೂ ಸಂವತ್ಸರ ಗೊತ್ತಿರುತ್ತದೆ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಹೆಸರುಗಳು ಪಂಚಾಂಗದಲ್ಲಿ ಕ್ರಮವಾಗಿ ಇವೆ. ಲೆಕ್ಕ ಸುಲಭ: ಸಂವತ್ಸರ ಎಷ್ಟನೆಯದು ಎಂದು ನೋಡಿ, ಆ ಸಂಖ್ಯೆಗೆ 1926 ಕೂಡಿಸಿ. ಈಶ್ವರ ಹನ್ನೊಂದನೆಯದು, ಆದ್ದರಿಂದ 1937ರ ಯುಗಾದಿಗೆ ಶುರುವಾಗಿ 1938ರ ಯುಗಾದಿಗೆ ಮುಗಿಯಿತು. ಹಿಂದಿನ ಸುತ್ತಿಗೆ 1866 ಕೂಡಿಸಿ, ಈಶ್ವರ 1877 ಆಗುತ್ತದೆ. ಅಜ್ಜಿಯೋ ಅಜ್ಜಿಯ ಅಜ್ಜಿಯೋ ಎಂಬುದರಲ್ಲಿ ಗೊಂದಲವಿಲ್ಲದಿದ್ದರೆ ಅರವತ್ತು ವರ್ಷದ ಈ ಅಂತರ ತೊಂದರೆ ಕೊಡುವುದಿಲ್ಲ.

ತೊಂದರೆ ಕೊಡುವುದು ವರ್ಷದ ಕೊನೆಯ ತಿಂಗಳುಗಳು. ಯುಗಾದಿ ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದೊಳಗೆ ಬರುತ್ತದೆ. ಈಶ್ವರ ಸಂವತ್ಸರದ ಶ್ರಾವಣದಲ್ಲಿ ಹುಟ್ಟಿದವರು 1937ರವರು. ಅದೇ ಸಂವತ್ಸರದ ಮಾಘ, ಫಾಲ್ಗುಣದಲ್ಲಿ ಹುಟ್ಟಿದವರು 1938ರವರು. ಪುಷ್ಯಮಾಸ ಡಿಸೆಂಬರ್, ಜನವರಿಗಳ ನಡುವೆ ಬೀಳುವುದರಿಂದ ತಿಥಿಯನ್ನೂ ನೋಡಬೇಕು. ಶಾಲಿವಾಹನ ಶಕ ಬರೆದಿದ್ದರೆ ಯುಗಾದಿಯಿಂದ ಡಿಸೆಂಬರ್‌ವರೆಗೆ 78, ಜನವರಿಯಿಂದ ಮುಂದಿನ ಯುಗಾದಿಯವರೆಗೆ 79 ಕೂಡಿಸಿ.

ವಿಶ್ವೇಶ್ವರಯ್ಯನವರ ಉದಾಹರಣೆಗೇ ಹಿಂದಿರುಗಿ ನೋಡಿ. 1860ರ ಸೆಪ್ಟೆಂಬರ್ ರೌದ್ರಿ ಸಂವತ್ಸರ, 1861ರ ಸೆಪ್ಟೆಂಬರ್ ದುರ್ಮತಿ. ಇಸವಿಯ ಕೊನೆಯ ಅಂಕಿಯನ್ನು ನಕಲು ಮಾಡುವವರು ಸುಲಭವಾಗಿ ತಪ್ಪುತ್ತಾರೆ, ಸಂವತ್ಸರದ ಹೆಸರನ್ನು ಹಾಗೆ ತಪ್ಪುವುದು ಕಷ್ಟ. ಎರಡೂ ಇರುವ ಕಾಗದ ಸಿಕ್ಕರೆ ಮೊದಲು ಸಂವತ್ಸರವನ್ನು ನಂಬಿ.

ಜಾತಕ ಸಿಕ್ಕರೆ

ಇದಕ್ಕಿಂತ ದೊಡ್ಡ ಭಾಗ್ಯವಿಲ್ಲ, ಜ್ಯೋತಿಷ್ಯದಲ್ಲಿ ನಂಬಿಕೆ ಇರಲಿ ಬಿಡಲಿ. ಜಾತಕವೆಂದರೆ ಹುಟ್ಟಿದ ಗಳಿಗೆಯ ಆಕಾಶದ ದಾಖಲೆ. ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ ಬರೆದಿದ್ದರೆ, ಅನುಮಾನವಿರುವ ವರ್ಷಗಳ ಹಳೆಯ ಪಂಚಾಂಗಗಳನ್ನು ತೆಗೆದು ತಿಥಿ ಮತ್ತು ವಾರ ಎರಡೂ ಕೂಡಿ ಬರುವ ವರ್ಷ ಯಾವುದೆಂದು ನೋಡಿ. ಅಕ್ಕಪಕ್ಕದ ವರ್ಷಗಳಲ್ಲಿ ಎರಡೂ ಒಟ್ಟಿಗೆ ಹೊಂದುವುದು ಅಪರೂಪ. ಇಂತಹ ಪರೀಕ್ಷೆಯನ್ನು ಈಗ ಕಂಪ್ಯೂಟರ್ ಪಂಚಾಂಗದಿಂದಲೂ ಮಾಡಬಹುದು. ಅಧಿಕ ಮಾಸ ಎಂದು ಬರೆದಿದ್ದರಂತೂ ಕೆಲಸ ಇನ್ನೂ ಹಗುರ, ಏಕೆಂದರೆ ಅಧಿಕ ಮಾಸ ಬರುವುದು ಸುಮಾರು ಮೂವತ್ತೆರಡು ತಿಂಗಳಿಗೊಮ್ಮೆ ಮಾತ್ರ.

ಬರಹವೆಲ್ಲ ಅಳಿಸಿ ರಾಶಿ ಕುಂಡಲಿಯ ಹನ್ನೆರಡು ಮನೆಗಳಷ್ಟೇ ಉಳಿದಿದ್ದರೂ ನಿರಾಶರಾಗಬೇಡಿ. ಶನಿ ಒಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ ಇರುತ್ತಾನೆ, ಗುರು ಸುಮಾರು ಒಂದು ವರ್ಷ. ಇಬ್ಬರ ಸ್ಥಾನವನ್ನೂ ಸೇರಿಸಿದರೆ ವರ್ಷ ಬಹುತೇಕ ಸಿಗುತ್ತದೆ. ಆದರೆ ಶನಿ ಗುರುಗಳ ಜೋಡಿಯೂ ಅರವತ್ತು ವರ್ಷಕ್ಕೆ ಹೆಚ್ಚುಕಡಿಮೆ ಅದೇ ರಾಶಿಗಳಿಗೆ ಮರಳುತ್ತದೆ. ಅಲ್ಲಿ ನೆರವಿಗೆ ಬರುವವನು ರಾಹು. ಅವನ ಸುತ್ತು ಹದಿನೆಂಟೂವರೆ ವರ್ಷಕ್ಕಿಂತ ತುಸು ಹೆಚ್ಚು. ಆದ್ದರಿಂದ ಅರವತ್ತು ವರ್ಷದ ನಂತರ ಅವನು ಅದೇ ಮನೆಯಲ್ಲಿ ಇರುವುದಿಲ್ಲ. ಸೂರ್ಯನ ರಾಶಿ ತಿಂಗಳನ್ನು, ಚಂದ್ರನ ರಾಶಿ ಆ ತಿಂಗಳಿನ ಎರಡು ಮೂರು ದಿನಗಳನ್ನು ತೋರಿಸುತ್ತದೆ.

ಒಂದು ಎಚ್ಚರಿಕೆ: ಪಂಚಾಂಗದ ದಿನ ಸೂರ್ಯೋದಯಕ್ಕೆ ಶುರುವಾಗುತ್ತದೆ. ಸೋಮವಾರ ರಾತ್ರಿ ಮೂರು ಗಂಟೆಗೆ ಹುಟ್ಟಿದ ಮಗು ಜಾತಕದಲ್ಲಿ ಸೋಮವಾರದ್ದು, ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಮಂಗಳವಾರದ್ದು.

ಊರಿನ ನೆನಪುಗಳು

ಬರ, ಪ್ಲೇಗು, ಗೋಲಿಬಾರ್, ಮಹಾರಾಜರ ನಿಧನ, ಗಾಂಧೀಜಿ ಬಂದದ್ದು, ಹೀಗೆ ಘಟನೆಗಳಿಗೆ ಕಟ್ಟಿದ ನೆನಪುಗಳು ಪ್ರತಿ ಮನೆಯಲ್ಲೂ ಇವೆ. ಎಲ್ಲವೂ ಒಂದೇ ತೂಕದವಲ್ಲ. “ಪ್ಲೇಗಿನ ವರ್ಷ” ಎಂದರೆ ಬಹಳ ಸಡಿಲ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಮುಂದೆ ಅನೇಕ ವರ್ಷ ಮತ್ತೆ ಮತ್ತೆ ಕಾಣಿಸಿಕೊಂಡಿತು, ಜನ ಮತ್ತೆ ಮತ್ತೆ ಊರಾಚೆ ಗುಡಿಸಲು ಹಾಕಿಕೊಂಡರು. ಬರದ ಮಾತೂ ಹಾಗೆಯೇ, ಪಾವಗಡ, ಬಾಗೇಪಲ್ಲಿ ಕಡೆಗಳಲ್ಲಿ ಬರವಿಲ್ಲದ ದಶಕವೇ ಇಲ್ಲ. ಆದರೆ “ಧಾತು ಈಶ್ವರದ ಬರ” ಎಂದು ಸಂವತ್ಸರದ ಹೆಸರಿಟ್ಟು ಹೇಳಿದರೆ ಅದು ಮೈಸೂರು ಸಂಸ್ಥಾನದಲ್ಲಿ ಅಪಾರ ಜನರನ್ನು ಬಲಿ ತೆಗೆದುಕೊಂಡ 1876ರಿಂದ 1878ರ ಕ್ಷಾಮ. 1918ರ ಇನ್‌ಫ್ಲುಯೆಂಜಾ ಕಾಳಯುಕ್ತಿ ಸಂವತ್ಸರದ್ದು.

ಒಂದೇ ದಿನ ನಡೆದ ಘಟನೆಗಳು ಇವೆಲ್ಲಕ್ಕಿಂತ ಬಿಗಿ. ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಗೋಲಿಬಾರ್ ನಡೆದದ್ದು 1938ರ ಏಪ್ರಿಲ್ 25. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1940ರ ಆಗಸ್ಟ್ 3. ಗಾಂಧೀಜಿ ಆರೋಗ್ಯ ಸುಧಾರಣೆಗಾಗಿ ನಂದಿ ಬೆಟ್ಟದಲ್ಲಿ ತಂಗಿದ್ದು 1927ರಲ್ಲಿ. ಅವರು 1936ರಲ್ಲಿಯೂ ಅಲ್ಲಿಗೆ ಬಂದಿದ್ದರು. ಹಾಗಾಗಿ “ಗಾಂಧಿ ನಂದಿಗೆ ಬಂದಾಗ” ಎಂದವರನ್ನು ಯಾವ ಸಲ ಎಂದು ಕೇಳಲೇಬೇಕು. ಗುಬ್ಬಿ, ಸಿದ್ಧಗಂಗೆ, ದೇವರಾಯನದುರ್ಗದ ಜಾತ್ರೆಗಳು ವರ್ಷವನ್ನು ಹೇಳುವುದಿಲ್ಲ, ತಿಂಗಳನ್ನು ಹೇಳುತ್ತವೆ. ಅವುಗಳ ಉಪಯೋಗ ಅಷ್ಟಕ್ಕೇ ಮಿತಿ.

ಶಾಲೆಯ ದಾಖಲಾತಿ ಪುಸ್ತಕ

ಅಜ್ಜ ಒಂದೆರಡು ತರಗತಿ ಓದಿದ್ದರೂ ಊರಿನ ಅಥವಾ ಹೋಬಳಿಯ ಹಳೆಯ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹೆಸರು ಇರುವ ಸಾಧ್ಯತೆ ಇದೆ. ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಕೊಡಿ. ಶಾಲೆ ಮುಚ್ಚಿದ್ದರೆ ಅಥವಾ ವಿಲೀನವಾಗಿದ್ದರೆ ಪುಸ್ತಕಗಳು ಎಲ್ಲಿಗೆ ಹೋದವು ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಸಿಕ್ಕಾಗ ನಿಮ್ಮವರ ಸಾಲನ್ನು ಮಾತ್ರ ನೋಡಿ ಎದ್ದು ಬರಬೇಡಿ, ಇಡೀ ಪುಟವನ್ನು ನೋಡಿ. ಒಂದೇ ಪುಟದಲ್ಲಿ ಅನೇಕ ಮಕ್ಕಳು ಜೂನ್ ತಿಂಗಳಿನಲ್ಲೇ ಹುಟ್ಟಿದ್ದರೆ, ಅದು ಶಾಲೆ ಶುರುವಾಗುವ ತಿಂಗಳಿಗೆ ಹೊಂದುವಂತೆ ಮೇಷ್ಟ್ರು ಹಾಕಿದ ತಾರೀಖು. ಆ ಪುಸ್ತಕದಲ್ಲಿ ನಂಬಬೇಕಾದದ್ದು ಜನ್ಮದಿನಕ್ಕಿಂತ ಶಾಲೆಗೆ ಸೇರಿದ ದಿನವನ್ನು. ಅದು ಮೇಷ್ಟ್ರ ಕಣ್ಣೆದುರು ನಡೆದದ್ದು. ಸೇರಿದ ದಿನದಿಂದ ಐದು, ಆರು, ಏಳು ವರ್ಷ ಹಿಂದಕ್ಕೆ ಎಣಿಸಿ ಒಂದು ಕಿಟಕಿ ಮಾಡಿಕೊಳ್ಳಿ. ಹಳ್ಳಿಯ ಹೆಣ್ಣುಮಕ್ಕಳಿಗೆ ಆ ಕಿಟಕಿಯನ್ನು ಇನ್ನೂ ಅಗಲ ಮಾಡಬೇಕಾಗಬಹುದು, ಏಕೆಂದರೆ ತಮ್ಮನಿಗೆ ಐದಾಗುವವರೆಗೆ ಕಾದು ಇಬ್ಬರನ್ನೂ ಒಟ್ಟಿಗೆ ಸೇರಿಸುವುದಿತ್ತು.

ತಾಲ್ಲೂಕು ಕಚೇರಿ ಮತ್ತು ನೋಂದಣಿ ಕಚೇರಿ

ಎಷ್ಟೋ ಜನ ಜನನ ದಾಖಲೆ ಮಾತ್ರ ಕೇಳಿ, ಇಲ್ಲವೆಂದಾಗ ವಾಪಸಾಗುತ್ತಾರೆ. ಜಮೀನಿದ್ದ ಮನೆಯವರಿಗೆ ನಿಜವಾದ ನಿಧಿ ಇರುವುದು ಕಂದಾಯ ದಾಖಲೆಗಳಲ್ಲಿ. ಮುತ್ತಾತ ತೀರಿಕೊಂಡ ಮೇಲೆ ಆದ ಪೌತಿ ಖಾತೆ ಸಾವಿನ ಕಾಲವನ್ನು ತೋರಿಸುತ್ತದೆ. ಜೊತೆಗೆ ವಂಶವೃಕ್ಷವಿದ್ದರೆ ಮಕ್ಕಳ ಹಿರಿಕಿರಿಯ ಕ್ರಮ ಸಿಗುತ್ತದೆ. ಖಾತೆ ಬದಲಾವಣೆಗಳನ್ನು ಬರೆಯುವ ಮ್ಯುಟೇಷನ್ ಪುಸ್ತಕದಲ್ಲಿ “ಮೈನರ್, ಗಾರ್ಡಿಯನ್ ತಾಯಿ” ಎಂಬ ಎರಡು ಪದಗಳಿದ್ದರೆ ಆ ದಿನ ನಿಮ್ಮ ಅಜ್ಜನಿಗೆ ಹದಿನೆಂಟು ತುಂಬಿರಲಿಲ್ಲ ಎಂದು ಗೊತ್ತಾಯಿತು. ಅದೇ ಜಮೀನಿನ ಮುಂದಿನ ದಾಖಲೆಯಲ್ಲಿ ಗಾರ್ಡಿಯನ್ ಇಲ್ಲದೆ ಅವರೇ ಸಹಿ ಹಾಕಿದ್ದರೆ ಅಷ್ಟರಲ್ಲಿ ವಯಸ್ಕರಾಗಿದ್ದರು. ಇವೆರಡರ ನಡುವೆ ಹುಟ್ಟಿನ ಎರಡೂ ಗಡಿಗಳು ಸಿಕ್ಕಿಬಿಡುತ್ತವೆ.

ಉಪನೋಂದಣಾಧಿಕಾರಿ ಕಚೇರಿಯ ಕ್ರಯಪತ್ರ, ವಿಭಾಗಪತ್ರ, ಅಡಮಾನ ಪತ್ರಗಳಲ್ಲಿ ಕಕ್ಷಿದಾರರ ವಯಸ್ಸು “ಸುಮಾರು” ಎಂಬ ಪದದೊಂದಿಗೆ ಇರುತ್ತದೆ. ಆ “ಸುಮಾರು” ಎಂಬುದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಮೂವತ್ತು, ಮೂವತ್ತೈದು, ನಲವತ್ತು ಎಂಬ ದುಂಡು ಸಂಖ್ಯೆಗಳಿಗೆ ಎರಡೂ ಕಡೆ ಮೂರು ನಾಲ್ಕು ವರ್ಷ ಬಿಡಿ. ಬೇರೆ ಬೇರೆ ಕಾಲದ ಮೂರು ಪತ್ರಗಳು ಸಿಕ್ಕರೆ ಮೂರನ್ನೂ ಜೋಡಿಸಿ ನೋಡಿ. ಇನ್ನೊಂದು ಜಾಗವನ್ನು ಜನ ಮರೆತೇಬಿಟ್ಟಿದ್ದಾರೆ: 1974ರ ಭೂಸುಧಾರಣೆಯ ನಂತರ ಗೇಣಿದಾರರು ಹಾಕಿದ ಫಾರಂ 7 ಅರ್ಜಿಗಳ ಕಡತ. ಭೂ ನ್ಯಾಯಮಂಡಳಿಯ ಮುಂದೆ ಗೇಣಿದಾರರು, ಒಡೆಯರು, ಸಾಕ್ಷಿಗಳು ಕೊಟ್ಟ ಹೇಳಿಕೆಗಳಲ್ಲಿ ವಯಸ್ಸು ಮಾತ್ರವಲ್ಲ, “ನಾನು ಇಷ್ಟು ವರ್ಷದ ಹುಡುಗನಾಗಿದ್ದಾಗಿನಿಂದ ಈ ಜಮೀನು ಉಳುತ್ತಿದ್ದೇನೆ” ಎಂಬಂತಹ ಮಾತುಗಳೂ ಇರಬಹುದು. ಓದುವಾಗ ಮನಸ್ಸು ತುಂಬಿ ಬರುತ್ತದೆ.

ಕಚೇರಿಯ ಹಳೆಯ ಕಡತಗಳನ್ನಿಡುವ ಅಭಿಲೇಖಾಲಯಕ್ಕೆ ಹೋಗುವಾಗ ಹಳೆಯ ಮತ್ತು ಹೊಸ ಸರ್ವೆ ನಂಬರು, ಗ್ರಾಮ, ಹೋಬಳಿಯ ಹೆಸರು ಕೈಯಲ್ಲಿರಲಿ. ಜಿಲ್ಲೆಯ ಗಡಿಗಳನ್ನೂ ನೆನಪಿಡಿ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೂ ಹಿಂದಿನ ಜಿಲ್ಲಾ ಮಟ್ಟದ ಕಾಗದಗಳಲ್ಲಿ ಚಿಂತಾಮಣಿ, ಶಿಡ್ಲಘಟ್ಟ, ಗುಡಿಬಂಡೆಯ ಊರುಗಳೆಲ್ಲ ಕೋಲಾರ ಜಿಲ್ಲೆಯವು, ಆದ್ದರಿಂದ ಕೋಲಾರದಲ್ಲೂ ವಿಚಾರಿಸಬೇಕು. ಹಳೆಯ ಕಾಗದದಲ್ಲಿ ಬೌರಿಂಗ್‌ಪೇಟೆ ಎಂದಿದ್ದರೆ ಅದು ಇಂದಿನ ಬಂಗಾರಪೇಟೆ. ಆಂಧ್ರದ ಗಡಿಯ ಊರುಗಳಲ್ಲಿ ಕೆಲವು ಖಾಸಗಿ ಕಾಗದಗಳು ತೆಲುಗು ಲಿಪಿಯಲ್ಲಿರುತ್ತವೆ, ಅಕ್ಷರಗಳನ್ನು ಕೂಡಿಸಿ ಬರೆಯುವ ಮೋಡಿ ಬರಹದಂತೆ ಕಾಣುವ ಶಾನುಭೋಗರ ಕೈಬರಹವೂ ಇರುತ್ತದೆ. ಓದಬಲ್ಲ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ. ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ 1963ರಲ್ಲಿ ಕೊನೆಗೊಂಡವು. ಆ ಮನೆತನಗಳ ಬಳಿ ಹಳೆಯ ಲೆಕ್ಕದ ಕಟ್ಟುಗಳು ಉಳಿದಿದ್ದರೆ ನೋಡಲು ಅವಕಾಶ ಕೊಡಿ ಎಂದು ವಿನಯದಿಂದ ಕೇಳಿ.

ಇನ್ನು ಜನನ ದಾಖಲೆ. ಜನನ ಮರಣ ನೋಂದಣಿಯ ಈಗಿನ ಕಾನೂನು 1969ರದು. ಅದಕ್ಕೂ ಹಿಂದೆ ಗ್ರಾಮಾಧಿಕಾರಿಗಳು ಬರೆದಿಟ್ಟ ಪುಸ್ತಕಗಳಿದ್ದವು. ಅವು ಎಲ್ಲ ಊರಿಗೂ, ಎಲ್ಲ ವರ್ಷಕ್ಕೂ ಉಳಿದಿಲ್ಲ. ಉಳಿದ ಕಡೆಯೂ ಮಗುವಿಗೆ ಹೆಸರಿರುವುದಿಲ್ಲ, “ಹೆಣ್ಣು ಮಗು” ಎಂದಷ್ಟೇ ಇದ್ದು ತಂದೆಯ ಹೆಸರಿರುತ್ತದೆ. ತಂದೆಯ ಹೆಸರಿನಲ್ಲಿ, ಅಂದಾಜಿನ ವರ್ಷದ ಹಿಂದೆ ಮುಂದೆ ಎರಡೆರಡು ವರ್ಷ ಹುಡುಕಿಸಿ. ಸಿಗದಿದ್ದರೆ ಅಲಭ್ಯ ಪ್ರಮಾಣ ಪತ್ರ ಕೇಳಿ ಪಡೆಯಿರಿ, ಮುಂದೆ ಬೇಕಾಗುತ್ತದೆ. ಜನಗಣತಿಯ ವೈಯಕ್ತಿಕ ಹಾಳೆಗಳ ಆಸೆ ಬೇಡ. 1948ರ ಜನಗಣತಿ ಕಾಯ್ದೆ ಅವುಗಳನ್ನು ಸಾರ್ವಜನಿಕರು ನೋಡಲು ಬಿಡುವುದಿಲ್ಲ.

ಕೆಲವು ಮನೆತನಗಳಿಗೆ ಬೇರೆ ದಾರಿಗಳಿವೆ. ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕವೇ ಮೊದಲ ಆಧಾರ. ಮುಸ್ಲಿಂ ಕುಟುಂಬಗಳು ನಿಕಾಹ್‌ನಾಮೆ ನೋಡಬೇಕು. ಹಿಜರಿ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು ಎಂಬುದನ್ನು ವಯಸ್ಸು ಎಣಿಸುವಾಗ ಮರೆಯಬಾರದು. ಮೂವತ್ಮೂರು ವರ್ಷಕ್ಕೆ ಒಂದು ವರ್ಷದಷ್ಟು ಅಂತರ ಬೀಳುತ್ತದೆ. ಕೆಜಿಎಫ್ ಗಣಿಯಲ್ಲಿ ದುಡಿದವರ ಮನೆಗಳಲ್ಲಿ ಸೇವಾ ಕಾಗದಗಳು, ಭವಿಷ್ಯ ನಿಧಿಯ ನಾಮನಿರ್ದೇಶನ ನಮೂನೆಗಳು ಇರಬಹುದು. ಅವುಗಳಲ್ಲಿ ನೌಕರನದಷ್ಟೇ ಅಲ್ಲ, ಹೆಂಡತಿ ಮಕ್ಕಳ ವಯಸ್ಸೂ ಇರುತ್ತದೆ. ಗಣಿ ಮುಚ್ಚಿದ್ದು 2001ರಲ್ಲಿ, ಆದ್ದರಿಂದ ಇಂತಹ ಕಾಗದಗಳನ್ನು ಮನೆಯಲ್ಲಿ ಜೋಪಾನ ಮಾಡುವುದೇ ಮೇಲು. ನಿಮ್ಮ ಮನೆತನಕ್ಕೆ ವಂಶಾವಳಿ ಬರೆದಿಟ್ಟು ಹೇಳುವ ಹೆಳವರು ಬರುವ ರೂಢಿ ಇದ್ದರೆ ಅವರು ಬಂದಾಗ ವಂಶಾವಳಿ ಓದಿಸಿ. ಅವರ ಪುಸ್ತಕದಲ್ಲಿ ತಾರೀಖು ಸಿಗದಿದ್ದರೂ ತಲೆಮಾರು ಮತ್ತು ಒಡಹುಟ್ಟಿದವರ ಕ್ರಮ ಸಿಗುತ್ತದೆ.

ತೂಗಿ ನೋಡುವುದು

ಗೌರಿಬಿದನೂರು ಕಡೆಯ ಒಬ್ಬ ಅಜ್ಜಿಯ ದಾಖಲೆಗಳು ಹೀಗಿವೆ ಎಂದು ಊಹಿಸಿಕೊಳ್ಳಿ. ಆಧಾರ್‌ನಲ್ಲಿ 1-1-1942. ಮತದಾರರ ಗುರುತಿನ ಚೀಟಿಯಲ್ಲಿಯೂ ಲೆಕ್ಕ ಹಾಕಿದರೆ 1942. ಶಾಲೆಯಲ್ಲಿ 10-6-1938. 1958ರ ವಿಭಾಗಪತ್ರದಲ್ಲಿ ಸುಮಾರು 20 ವರ್ಷ. ತಮ್ಮನ ಜಾತಕ ಪ್ರಮಾಥಿ ಸಂವತ್ಸರದ ಕಾರ್ತಿಕ. ಮನೆಯವರ ಮಾತು: ವಿದುರಾಶ್ವತ್ಥದಲ್ಲಿ ಗುಂಡು ಹಾರಿದಾಗ ಅಂಬೆಗಾಲಿಡುತ್ತಿದ್ದ ಕೂಸು, ಹುಟ್ಟಿದ್ದು ಗೌರಿ ಹಬ್ಬದ ಮರುದಿನ.

ಎರಡು ದಾಖಲೆ 1942 ಎನ್ನುತ್ತಿವೆಯಲ್ಲ ಎಂದು ಅದನ್ನು ಒಪ್ಪಬಾರದು. ಒಂದು ಚೀಟಿಯನ್ನು ನೋಡಿ ಇನ್ನೊಂದನ್ನು ಬರೆದಿದ್ದರೆ ಎರಡೂ ಸೇರಿ ಒಂದೇ ಸಾಕ್ಷಿ. ಜನವರಿ 1 ಎಂಬ ದಿನವೇ ಅಂದಾಜಿನ ಗುರುತು. ತಮ್ಮನ ಜಾತಕ 1939ರ ಕೊನೆಯದು, ಅಕ್ಕ ತಮ್ಮನಿಗಿಂತ ಚಿಕ್ಕವಳಾಗಲಾರಳು, ಆದ್ದರಿಂದ 1942 ಬಿದ್ದುಹೋಯಿತು. 1938ರ ಏಪ್ರಿಲ್‌ನಲ್ಲಿ ಅಂಬೆಗಾಲಿಡುತ್ತಿದ್ದವಳು ಅದೇ ವರ್ಷದ ಜೂನ್‌ನಲ್ಲಿ ಹುಟ್ಟಲಾರಳು, ಹಾಗಾಗಿ ಶಾಲೆಯ ತಾರೀಖೂ ನಿಲ್ಲುವುದಿಲ್ಲ. ಅಂಬೆಗಾಲಿಡುವುದು ಏಳರಿಂದ ಹನ್ನೊಂದು ತಿಂಗಳ ಮಗು. ಹಿಂದಕ್ಕೆ ಎಣಿಸಿದರೆ 1937ರ ಮೇ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ. ಆ ವರ್ಷದ ಗೌರಿ ಹಬ್ಬ ಸೆಪ್ಟೆಂಬರ್ ಎರಡನೆಯ ವಾರದ ಹೊತ್ತಿಗೆ, ಈ ಕಿಟಕಿಯೊಳಗೇ ಬೀಳುತ್ತದೆ. ವಿಭಾಗಪತ್ರದ “ಸುಮಾರು 20” ಇದಕ್ಕೆ ವಿರೋಧವಾಗಿಲ್ಲ. ಉಳಿಯುವುದು 1937ರ ಸೆಪ್ಟೆಂಬರ್, ಈಶ್ವರ ಸಂವತ್ಸರ, ಭಾದ್ರಪದ ಶುದ್ಧ ಚೌತಿ. ದಿನವನ್ನು ಆ ವರ್ಷದ ಪಂಚಾಂಗದಿಂದ ತೆಗೆಯಬೇಕು.

ಈಗ ದೂರದ ಚಿಕ್ಕಮ್ಮ ಒಬ್ಬರು “ಅಲ್ಲ, ಅವಳು ಹುಟ್ಟಿದ್ದು ಬಹುಧಾನ್ಯದಲ್ಲಿ” ಎಂದರೆ? ಬಹುಧಾನ್ಯದ ಗೌರಿ ಹಬ್ಬ 1938ರದು. ಆಗ ಗೋಲಿಬಾರಿನ ಹೊತ್ತಿಗೆ ಅಂಬೆಗಾಲಿಡುತ್ತಿದ್ದ ಕೂಸು ಯಾರು? ಬಹುಶಃ ಉಳಿಯದೆ ಹೋದ ಅಕ್ಕನೊಬ್ಬಳು. ಹೋದ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು, ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಸಾಮಾನ್ಯ. ಆದ್ದರಿಂದ ಯಾವ ದಾಖಲೆಯಲ್ಲಿಯೂ ತಾರೀಖು ಓದುವ ಮೊದಲು ತಂದೆ, ತಾಯಿ, ಊರು, ಸರ್ವೆ ನಂಬರು ಹೊಂದಿಸಿ, ಈ ಹೆಸರು ನಮ್ಮವರದೇ ಎಂದು ಖಚಿತಪಡಿಸಿಕೊಳ್ಳಿ. ತೀರಿಹೋದ ಮಕ್ಕಳ ಬಗ್ಗೆ ಕೇಳುವುದು ಕಷ್ಟದ ಕೆಲಸ. ಆದರೂ ಮೃದುವಾಗಿ, ಒಬ್ಬರೇ ಇರುವಾಗ ಕೇಳಿ. ಎಷ್ಟೋ ತಾಯಂದಿರು ಆ ಮಗುವಿನ ಹೆಸರನ್ನು ಯಾರಾದರೂ ಕೇಳಲಿ ಎಂದು ಕಾಯುತ್ತಿರುತ್ತಾರೆ.

ಬರೆದಿಡುವಾಗ ಸಿಕ್ಕಿದ್ದಕ್ಕಿಂತ ಹೆಚ್ಚು ಖಚಿತತೆ ತೋರಿಸಬೇಡಿ. ದಿನ ಸಿಗದಿದ್ದರೆ “1937ರ ಸೆಪ್ಟೆಂಬರ್” ಎನ್ನಿ. ತಿಂಗಳೂ ಸಿಗದಿದ್ದರೆ “1936ರಿಂದ 1938ರ ನಡುವೆ” ಎನ್ನಿ. ತಳ್ಳಿಹಾಕಿದ ತಾರೀಖುಗಳನ್ನೂ, ಏಕೆ ತಳ್ಳಿಹಾಕಿದಿರಿ ಎಂಬುದನ್ನೂ ಕೆಳಗೆ ಬರೆಯಿರಿ. ನಾಳೆ ಹೊಸ ಕಾಗದ ಸಿಕ್ಕವರು ನಿಮ್ಮ ತೀರ್ಮಾನವನ್ನು ತಿದ್ದಲು ಅದು ಬೇಕು. ಪ್ರತಿ ಕಾಗದದ ಎರಡೂ ಬದಿಯ ಚಿತ್ರ ತೆಗೆದು, ಯಾರ ಮನೆಯಲ್ಲಿ, ಯಾವ ಕಚೇರಿಯ ಯಾವ ಪುಸ್ತಕದಲ್ಲಿ ಸಿಕ್ಕಿತು ಎಂದು ಜೊತೆಗೆ ನಮೂದಿಸಿ.

ಮನೆಯ ವಂಶವೃಕ್ಷಕ್ಕೆ ಇಷ್ಟು ಸಾಕು. ಹಿರಿಯರು ಬದುಕಿದ್ದು, ಅವರ ಜನನವನ್ನು ಅಧಿಕೃತವಾಗಿ ನೋಂದಾಯಿಸಬೇಕಾಗಿದ್ದರೆ ದಾರಿ ಬೇರೆ. ಹುಟ್ಟಿ ಒಂದು ವರ್ಷ ಕಳೆದ ಜನನದ ನೋಂದಣಿಗೆ, ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿಯಂತೆ, ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗೀಯ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅಲ್ಲಿಗೆ ಅಲಭ್ಯ ಪ್ರಮಾಣ ಪತ್ರ, ಶಾಲಾ ದಾಖಲೆಯ ದೃಢೀಕೃತ ನಕಲು, ಒಡಹುಟ್ಟಿದವರ ದಾಖಲೆಗಳನ್ನು ತೆಗೆದುಕೊಂಡು ಹೋಗಿ. ಆಧಾರ್ ಒಂದನ್ನೇ ಹಿಡಿದು ಹೋಗಬೇಡಿ. ಅದು ಜನ್ಮದಿನಕ್ಕೆ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ.